ನೋವು ನನ್ನದು, ಡಿಸ್ಕ್ ಅವರದು

"ನೋವು ಯಾರಿಗೆ?" ಎರಡು ಎಂಆರ್‌ಐ ಫಿಲ್ಮುಗಳನ್ನೂ ಬೆಳಕಿಗೆ ಹಿಡಿದು ಮದ್ರಾಸಿನ ಕನ್ನಡ ಡಾಕ್ಟರು ಕೇಳಿದರು. ನಾನು ಕೈ ಎತ್ತಿದೆ. ಅಂಬತ್ತೂರಿನ ಸಿಗ್ನಲ್‌ನಲ್ಲಿ ನಿಂತಿದ್ದ ನಮ್ಮ ಕಾರಿಗೆ ವ್ಯಾನೊಂದು ಹಿಂದಿನಿಂದ ಗುದ್ದಿದ ಮೇಲೆ ನನಗೆ ಬೆನ್ನು ಬಗ್ಗಿಸಲಾಗುತ್ತಿರಲಿಲ್ಲ. ಕಾರು ಓಡಿಸುತ್ತಿದ್ದ ಯಜಮಾನರಿಗೆ ಏನೂ ಆಗಿರಲಿಲ್ಲ. ಅತ್ತೆಯ ಒತ್ತಾಯಕ್ಕೆ ಅವರೂ ಸ್ಕ್ಯಾನ್ ಮಾಡಿಸಿದ್ದರು.

"ನಿಮ್ಮದು ಕ್ಲೀನ್ ಆಗಿದೆಯಮ್ಮಾ. ಡಿಸ್ಕ್ ಉಬ್ಬಿರೋದು ಸಾರ್‌ದು."

ಅಲ್ಲಿಯವರೆಗೆ ಹಾಯಾಗಿ ಕೂತಿದ್ದವರ ಕೈ ತಟ್ಟನೆ ಸೊಂಟಕ್ಕೆ ಹೋಯಿತು.

"ಭಯ ವೇಂಡಾಂ, ಭಯ ಬೇಡ ಸಾರ್! ಅದು ನರೆಗೂದಲಿನ ಥರ, ವಯಸ್ಸಾದ ಹಾಗೆ ಬರೋದು," ಎಂದು ನಕ್ಕ ಡಾಕ್ಟರು ನನ್ನತ್ತ ತಿರುಗಿದರು. "ನಿಮಗೆ ಏಟು ಬಿದ್ದಿರೋದು ಮಾಂಸಖಂಡಕ್ಕೆ. ಫಿಲ್ಮಲ್ಲಿ ಕಾಣಲಿಲ್ಲ ಅಂತ ನೋವು ಸುಳ್ಳಾಗಲ್ಲ."

ಆ ಒಂದು ಮಾತಿಗೇ ನನ್ನ ಬೆನ್ನು ಅರ್ಧ ಗುಣವಾಯಿತು. ಮನೆಯಲ್ಲಿದ್ದ ಒಂದೇ ಬಿಸಿನೀರಿನ ಚೀಲ ಮಾತ್ರ ಅವತ್ತು ಯಜಮಾನರ ಸೊಂಟಕ್ಕೆ ಹೋಯಿತು. ನೀರು ಕಾಯಿಸಿ ತುಂಬಿಸಿಕೊಟ್ಟವಳು ನಾನೇ.