ಅಕ್ಕನ ದೀರ್ಘಾಕ್ಷರಗಳು

ಪರದೆಯ ಮೇಲೆ ‘ನಿರು ಬೆಡ’ ಎಂದಿತ್ತು. ಅಕ್ಕ ಅವಸರದಲ್ಲಿ ಒತ್ತಿರಬೇಕು ಎಂದುಕೊಂಡು ನಾನು ನೀರಿನ ಲೋಟವನ್ನು ಪಕ್ಕಕ್ಕಿಟ್ಟೆ. ಸ್ವಲ್ಪ ಹೊತ್ತಿಗೆ ‘ಪ್ಯನ್ ಹಕು’ ಎಂದು ಬಂತು. ನನಗೆ ಅರ್ಥವಾಗಲಿಲ್ಲ. ಅಕ್ಕ ಗದ್ದವೆತ್ತಿ ಮೇಲೆ ತಿರುಗದೆ ನಿಂತಿದ್ದ ಫ್ಯಾನನ್ನು ತೋರಿಸಿದಳು. ಸ್ವಿಚ್ ಹಾಕಿ ಬಂದು ನೋಡಿದರೆ, ತಾನು ಬರೆದದ್ದನ್ನು ಒಂದೊಂದೇ ಅಕ್ಷರವಾಗಿ ಅಳಿಸುತ್ತಾ ಕೂತಿದ್ದಳು.

ಮಾತು ನಿಂತುಹೋದ ಮೇಲೆ ಅಕ್ಕ ಟೈಪ್ ಮಾಡಿಯೇ ಮಾತಾಡುತ್ತಿದ್ದಳು. ಅದಕ್ಕೆ ಮುಂಚೆ ಅವಳು ಹೆಬ್ಬಾಳದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವರ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದಳು. ಸ್ಟೀಮಿನ ಸದ್ದು, ಪಾತ್ರೆಗಳ ಸದ್ದು, ಊಟಕ್ಕೆ ಬಂದವರ ಗಲಾಟೆ ಎಲ್ಲವನ್ನೂ ಮೀರಿ ಆ ತುದಿಯಲ್ಲಿರುವವರಿಗೆ ಕೇಳುವ ಗಂಟಲು ಅವಳದು. ನಮ್ಮ ಊರಿನ ಗದ್ದೆ ಬಯಲಿನಲ್ಲಿ ಕೂಗಿ ಕೂಗಿ ಬಂದ ಗಂಟಲು ಎಂದು ಭಾವ ನಗುತ್ತಿದ್ದರು. ಆ ಗಂಟಲು ಮೊದಲು ತೊದಲಿತು. ಸಾರು ಎನ್ನಲು ಹೋಗಿ ಥಾರು ಎಂದಳು. ಬೆಳಗಿನ ಪಾಳಿಗೇ ಕುಡಿದು ಬರುತ್ತಾಳೆ ಎಂದು ಯಾರೋ ಆಡಿಕೊಂಡರು. ಆ ಮಾತು ಕಿವಿಗೆ ಬಿದ್ದ ದಿನ ಅಕ್ಕ ಮನೆಗೆ ಬಂದು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು.

ಆಮೇಲೆ ಆಸ್ಪತ್ರೆ, ಸೂಜಿ ಚುಚ್ಚಿ ನರಗಳನ್ನು ನೋಡುವ ಪರೀಕ್ಷೆ. ನರರೋಗದ ಡಾಕ್ಟರು ಭಾವನನ್ನೂ ನನ್ನನ್ನೂ ಕೂರಿಸಿಕೊಂಡು, ಸ್ನಾಯುಗಳನ್ನು ಆಡಿಸುವ ನರಗಳು ಸಾಯುತ್ತಿವೆ, ಇದನ್ನು ತಡೆಯುವ ಔಷಧ ಇಲ್ಲ ಎಂದರು. “ಇವರಿಗೆ ಬಾಯಿ, ಗಂಟಲಿಂದ ಶುರುವಾಗಿದೆ. ಸದ್ಯಕ್ಕೆ ಕೈಕಾಲು ಚೆನ್ನಾಗಿದೆ. ಕೈಗೆ ಇಳೀತು ಅಂತ ಅನ್ನಿಸಿದರೆ ತಡ ಮಾಡಬೇಡಿ, ಬನ್ನಿ. ಆಮೇಲೆ ಉಸಿರಾಟದ ಕಡೆ ನೋಡಬೇಕಾಗುತ್ತೆ.” ಅಕ್ಕ ಬಾಗಿಲ ಹತ್ತಿರವೇ ನಿಂತಿದ್ದಳು. ಅವಳಿಗೆ ಕೇಳಿಸಿತ್ತು.

ನನ್ನದು ಡಿಟಿಪಿ ಕೆಲಸ. ಪುಸ್ತಕ, ಲಗ್ನಪತ್ರಿಕೆ, ತಿಥಿ ಕಾರ್ಡು, ಏನು ಬಂದರೂ ಪುಟ ಕಟ್ಟಿ ಪ್ರೆಸ್ಸಿಗೆ ಕಳಿಸುವುದು. ನಾವೂ ಶ್ರೀರಾಂಪುರದಲ್ಲೇ, ಅಕ್ಕನ ಮನೆಯಿಂದ ಸ್ವಲ್ಪ ದೂರದಲ್ಲಿ ಇದ್ದೆವು. ಭಾವ ಪಾಳಿಗೆ ಹೋದಾಗ ಅಕ್ಕ ಒಬ್ಬಳೇ ಆಗುತ್ತಾಳೆಂದು ನನ್ನ ಕೆಲಸವನ್ನು ಅವಳ ನಡುಮನೆಗೇ ಹೊತ್ತುಕೊಂಡು ಹೋದೆ. ಹಳೆಯ ಕಂಪ್ಯೂಟರೊಂದನ್ನು ಅವಳಿಗೆ ಕೊಟ್ಟು, ಕನ್ನಡ ಒತ್ತುವುದನ್ನು ಹೇಳಿಕೊಟ್ಟೆ. ನಾವು ಬಳಸುವ ಕೀಲಿಮಣೆಯ ವಿನ್ಯಾಸದಲ್ಲಿ ಹ್ರಸ್ವಕ್ಕೆ ಕೀಲಿಯನ್ನು ಸುಮ್ಮನೆ ಒತ್ತಿದರೆ ಸಾಕು. ದೀರ್ಘ ಬೇಕಾದರೆ ಶಿಫ್ಟ್ ಹಿಡಿದುಕೊಂಡು ಒತ್ತಬೇಕು. ಸೊನ್ನೆ, ಮಹಾಪ್ರಾಣ, ಣ, ಳ, ಇವಕ್ಕೂ ಶಿಫ್ಟ್ ಬೇಕು. ಅಕ್ಕ ಎಡಗೈಯಲ್ಲಿ ಶಿಫ್ಟ್ ಹಿಡಿದು ಬಲಗೈಯ ತೋರುಬೆರಳಿನಿಂದ ಅಕ್ಷರ ಕುಟ್ಟುವುದನ್ನು ರೂಢಿ ಮಾಡಿಕೊಂಡಳು. ಬಾಯಲ್ಲಿ ಹೇಗೆ ಆಡುತ್ತಿದ್ದಳೋ ಹಾಗೇ ಬರೆಯುತ್ತಿದ್ದಳು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಪರದೆಯ ಮೇಲೆ ‘ಏನೇ ಇವತ್ತು ಇಷ್ಟ್ ಲೇಟಾಗ್ ಬಂದ್ಬುಟ್ಟೆ, ಗಂಡ ಬುಡ್ಲಿಲ್ವಾ’ ಎಂದು ಸಿದ್ಧವಾಗಿರುತ್ತಿತ್ತು. ಓದಿದರೆ ಅವಳ ದನಿಯೇ ಕೇಳಿಸುತ್ತಿತ್ತು.

ಈಗ ಆ ದೀರ್ಘಗಳು ಬರುತ್ತಿಲ್ಲ. ಕೀಬೋರ್ಡಿನ ತೊಂದರೆ ನನಗೆ ಹೊಸದಲ್ಲ. ಮೊದಲು ಕಂಪ್ಯೂಟರನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಕನ್ನಡದ ವಿನ್ಯಾಸ ಬದಲಾಗಿದೆಯೇ ಎಂದು ನೋಡಿದೆ. ಇಲ್ಲ. ಇಂಗ್ಲಿಷಿಗೆ ಹೋಗಿ ಶಿಫ್ಟ್ ಹಿಡಿದು ಒತ್ತಿದೆ. ದೊಡ್ಡಕ್ಷರ ಬಂತು. ಕನ್ನಡಕ್ಕೆ ಮರಳಿ ‘ನೀರು’ ಎಂದು ಒತ್ತಿದೆ. ಬಂತು. “ಬರ್ತಿದೆಯಲ್ಲೇ ಅಕ್ಕ!” ಎಂದು ಜಾಗ ಬಿಟ್ಟುಕೊಟ್ಟೆ. ಅವಳು ಒತ್ತಿದಳು. ‘ನಿರು.’ ನನ್ನತ್ತ ನೋಡಿ ಭುಜ ಕುಣಿಸಿದಳು, ನಿನ್ನ ಡಬ್ಬ ಹಿಂಗೇ ಎನ್ನುವ ಹಾಗೆ.

ಒಮ್ಮೆ ಬರುವುದು, ಒಮ್ಮೆ ಬಾರದಿರುವುದು ಎಂದರೆ ಕೀಲಿಯ ಕೆಳಗೆ ಕೊಳೆ ಸೇರಿದೆ ಎಂದೇ ನಮ್ಮಲ್ಲಿ ಲೆಕ್ಕ. ಅಕ್ಕನಿಗೆ ಆಗ ಜೊಲ್ಲು ನುಂಗಲು ಆಗುತ್ತಿರಲಿಲ್ಲ. ಹೆಗಲ ಮೇಲೆ ಟವೆಲು ಇದ್ದರೂ ಒಂದೆರಡು ಹನಿ ಕೀಬೋರ್ಡಿಗೆ ಬೀಳುತ್ತಿತ್ತು. ಅದೇ ಇರಬೇಕು ಎಂದುಕೊಂಡೆ. ಆದರೆ ಅವಳ ಎದುರಿಗೆ ಅದನ್ನು ಹೇಳಲು ಬಾಯಿ ಬರಲಿಲ್ಲ. “ಧೂಳು ಕಣೇ” ಎಂದು ಹಿತ್ತಲಿಗೆ ಎತ್ತಿಕೊಂಡು ಹೋದೆ. ಒಗೆಯುವ ಕಲ್ಲಿನ ಮೇಲೆ ಇಟ್ಟು ಶಿಫ್ಟ್ ಕೀಲಿಯನ್ನು ಕಿತ್ತು, ಸ್ಪಿರಿಟ್ ಹಚ್ಚಿದ ಹತ್ತಿಯಲ್ಲಿ ಒರೆಸಿದೆ. ಒಳಗೆ ಒಣಗಿದ ಬಿಳಿಯ ಪೊರೆ ಇತ್ತು. ಹತ್ತಿ ಹಳದಿಯಾಯಿತು. ಬಿಸಿಲಿಗಿಟ್ಟು ಒಣಗಿಸಿ ಜೋಡಿಸಿದೆ. ನಾನು ಒತ್ತಿದಾಗ ಎಲ್ಲ ಸರಿ. ಅವಳು ಒತ್ತಿದಾಗ ಅದೇ ಕತೆ.

ಕೊನೆಗೆ ಪೇಟೆಗೆ ಹೋಗಿ ಹೊಸದನ್ನೇ ತಂದೆ. ಕೀಲಿಗಳು ಮೆತ್ತಗಿದ್ದವು, ತಾಕಿದರೆ ಸಾಕು ಇಳಿಯುತ್ತಿದ್ದವು. ಅಕ್ಕ ಕೂತು ನಿಧಾನವಾಗಿ ‘ಬಂತು ಕಣೇ’ ಎಂದು ಬರೆದಳು. ನಾನು ಗೆದ್ದವಳಂತೆ ಹಳೆಯದನ್ನು ಗುಜರಿಗೆ ಹಾಕಿದೆ.

ಕೆಲವು ದಿನ ಬಂತು. ಆಮೇಲೆ ಅಕ್ಕ ಬರೆಯುವುದೇ ಕಡಿಮೆಯಾಯಿತು. ಆಯಾಸವಿರಬೇಕು ಎಂದುಕೊಂಡೆ. ಬರೆದರೂ ‘ಇಲ್ಲ’, ‘ಅಲ್ಲಿ ಇಡು’, ಅಷ್ಟೇ. ‘ಬಿಸಿಲು ಜಾಸ್ತಿ’ ಎನ್ನಬೇಕಾದಲ್ಲಿ ಬರೀ ‘ಬಿಸಿಲು’. ನನ್ನನ್ನು ‘ಏನೇ’, ‘ಕಣೇ’ ಎನ್ನುವುದನ್ನು ಬಿಟ್ಟಳು. ಒಂದು ಮಧ್ಯಾಹ್ನ ‘ಬಿಸಿ ಕೊಡು’ ಎಂದಳು. ಬಿಸಿನೀರು ತಂದೆ. ಅಲ್ಲವೆಂದು ತಲೆಯಾಡಿಸಿದಳು. ಗಂಜಿ ಬಿಸಿ ಮಾಡಿ ತಂದೆ. ಮುಖ ತಿರುಗಿಸಿದಳು. “ಏನ್ ಬೇಕೋ ಸರಿಯಾಗಿ ಬರಿಯಕ್ಕ, ನಾನೇನ್ ನಿನ್ನ ಹೊಟ್ಟೆ ಒಳಗೆ ಇದೀನಾ?” ಎಂದು ರೇಗಿದೆ. ಅವಳು ‘ಬಿಡು’ ಎಂದು ಬರೆದು ಕಿಟಕಿಯ ಕಡೆಗೆ ತಿರುಗಿದಳು. ಅವಳಿಗೆ ಬೇಕಾಗಿದ್ದದ್ದು ಕಾಫಿ. ಅದು ನನಗೆ ಆಗ ಹೊಳೆಯಲಿಲ್ಲ.

ಗೊತ್ತಾದದ್ದು ಗಂಜಿಯಿಂದಲೇ. ಒಂದು ಬೆಳಿಗ್ಗೆ ಅವಳ ಲೋಟಕ್ಕೆ ಗಂಜಿ ಬಗ್ಗಿಸುತ್ತಾ, ಎಷ್ಟು ಬೇಕು ಹೇಳು ಎಂದು ಪರದೆಯನ್ನು ನೋಡುತ್ತಿದ್ದೆ. ‘ಬೆಡ’ ಎಂದು ಬಂತು. ತಕ್ಷಣ ಅಳಿಸಿದಳು. ‘ಅಯ್ತು’ ಎಂದು ಬಂತು. ಅದನ್ನೂ ಅಳಿಸಿದಳು. ಕೊನೆಗೆ ‘ನಿಲ್ಸು’ ಎಂದು ಬರೆದಳು. ಅದರಲ್ಲಿ ತಪ್ಪಿರಲಿಲ್ಲ. ಅದರಲ್ಲಿ ದೀರ್ಘವೂ ಇರಲಿಲ್ಲ.

ನಾನು ಪಾತ್ರೆ ಕೆಳಗಿಟ್ಟು ಅವಳ ಎಡಗೈ ನೋಡಿದೆ. ಬೆರಳು ಶಿಫ್ಟಿನ ಮೇಲೆ ಇತ್ತು. ಅಷ್ಟೇ, ಮೇಲೆ ಇತ್ತು. ಕೀಲಿ ಇಳಿದಿರಲಿಲ್ಲ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಬ್ಬಿಕೊಂಡಿರಬೇಕಾದ ಮಾಂಸ ಕರಗಿ, ಅಲ್ಲಿ ಗುಳಿ ಬಿದ್ದಿತ್ತು. ಕ್ಯಾಂಟೀನಿನ ಅಡುಗೆಯ ದೊಡ್ಡ ದೊಡ್ಡ ಕೊಳದಪ್ಪಲೆಗಳನ್ನು ಎತ್ತಿ ಇಳಿಸಿದ ಕೈ ಅದು. ನಾನು ಅವಳ ಬೆರಳಿನ ಮೇಲೆ ನನ್ನ ಬೆರಳಿಟ್ಟು ಒತ್ತಿದೆ. ಅವಳು ಬಲಗೈಯಿಂದ ಅಕ್ಷರ ಒತ್ತಿದಳು. ‘ಬೇಡ.’



ಆಮೇಲೆ ಅವಳು ‘ಅದು ಸರಿ ಅದೆ. ನನ್ನ’ ಎಂದು ಬರೆದು ನಿಲ್ಲಿಸಿದಳು. ಕೈ ಎನ್ನಲೂ ಶಿಫ್ಟ್ ಬೇಕು. ಬಲಗೈಯಿಂದ ಎಡಗೈಯನ್ನು ಹಿಡಿದೆತ್ತಿ, ಅದು ಬೇರೆ ಯಾರದೋ ವಸ್ತು ಎಂಬಂತೆ ನನ್ನ ಮುಂದೆ ಮೇಜಿನ ಮೇಲೆ ಇಟ್ಟಳು.

“ಯಾವಾಗಿಂದಕ್ಕಾ?”

‘ಮೊದಲೆ ಗೊತ್ತಿತ್ತು.’

“ಗೊತ್ತಿದ್ದೂ ನನ್ ಕೈಲಿ ಅದನ್ನ ಬಿಚ್ಚಿಸಿ, ತೊಳೆಸಿ, ಹೊಸದು ತರಿಸಿದ್ಯಲ್ಲೇ! ಯಾಕೆ?”

ತುಂಬ ಹೊತ್ತು ತೆಗೆದುಕೊಂಡು ಬರೆದಳು. ‘ಅದು ಕೆಟ್ಟಿರಲಿ ಅನ್ಕೊತಿದ್ದೆ.’

ನಾನು ಅಳಬಾರದು ಎಂದುಕೊಂಡಿದ್ದೆ. ಅತ್ತೆ. ಅವಳೂ ಅತ್ತಳು. ಆ ಕಾಯಿಲೆಯಲ್ಲಿ ಅಳು ಶುರುವಾದರೆ ನಿಲ್ಲಿಸುವುದು ಕಷ್ಟ. ಗಂಟಲಿಗೆ ಸಿಕ್ಕಿಕೊಂಡು ಕೆಮ್ಮು ಬಂತು. ಬೆನ್ನು ತಟ್ಟುತ್ತಾ, ಬಾಯಿ ಒರೆಸುತ್ತಾ ನಿಂತೆ. ಸುಧಾರಿಸಿಕೊಂಡ ಮೇಲೆ ಮತ್ತೆ ಬರೆದಳು, ಈ ಸಲ ಪದ ಆರಿಸುವ ಗೋಜಿಗೆ ಹೋಗದೆ. ‘ಅವ್ರಿಗೆ ಹೆಲ್ಬೆಡ.’

ಭಾವನಿಗೆ ಹೇಳದೆ ಇರುವುದು ಹೇಗೆ? ಡಾಕ್ಟರ ಮಾತು ನನ್ನ ಕಿವಿಯಲ್ಲೇ ಇತ್ತು. ಸಂಜೆ ಅವರು ಪಾಳಿ ಮುಗಿಸಿ ಬರುವ ಹೊತ್ತಿಗೆ ಬಸ್ಸು ನಿಲ್ಲುವ ಕಡೆ ಹೋಗಿ ನಿಂತೆ. ಹೇಳಿದೆ. ಅವರು ಊಟದ ಡಬ್ಬಿಯ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

“ನಂಗೊತ್ತು ಕಣವ್ವ. ಸೀರೆ ನೆರಿಗೆ ಇಡ್ಕೊಳಕ್ಕೆ ಆಯ್ತಿರ್ಲಿಲ್ಲ. ಮತ್ತೆ ಮತ್ತೆ ಜಾರ್ತಿತ್ತು. ಅದ್ಕೇ ಆ ನೈಟಿ ತಂದ್ಕೊಟ್ಟಿದ್ದು.”

“ಮತ್ತೆ ನಂಗ್ಯಾಕೆ ಹೇಳ್ಲಿಲ್ಲ ಭಾವ?”

“ನೀನು ಆ ಮಿಷನ್ನು ರಿಪೇರಿ ಮಾಡ್ತಿದ್ದೆ. ಅವ್ಳು ನಿನ್ನೇ ನೋಡ್ಕೊಂಡು ಕೂತಿರೋಳು. ಎಂಗೆ ಹೇಳ್ಲಿ?”

ಮಾರನೆಯ ದಿನ ಆಸ್ಪತ್ರೆಗೆ ಹೋದೆವು. ಡಾಕ್ಟರು ತಮ್ಮ ಬೆರಳುಗಳನ್ನು ಮುಂದಿಟ್ಟು ಹಿಂಡಲು ಹೇಳಿದರು. ಎಡಗೈ ಸುಮ್ಮನೆ ಅವರ ಬೆರಳನ್ನು ಸುತ್ತಿಕೊಂಡಿತು. ಬಲಗೈಯಲ್ಲೂ ಶುರುವಾಗಿದೆ ಎಂದರು. ಉಸಿರಿನ ಬಲ ನೋಡಲು ಕೊಳವೆ ಊದಿಸಿದರು. ಅಕ್ಕನ ತುಟಿ ಕೊಳವೆಯನ್ನು ಹಿಡಿಯಲಿಲ್ಲ, ಗಾಳಿ ಪಕ್ಕದಿಂದ ಸೋರಿತು.

ಮನೆಗೆ ಬಂದವಳೇ ನಾನು ಕಂಪ್ಯೂಟರ್ ಮುಂದೆ ಕೂತೆ. ಎರಡು ಕೀಲಿ ಒಟ್ಟಿಗೆ ಹಿಡಿಯಲಾಗದವರಿಗೆಂದು ಅದರಲ್ಲೇ ಒಂದು ಅನುಕೂಲವಿದೆ, ಸ್ಟಿಕಿ ಕೀಸ್ ಎಂದು. ಶಿಫ್ಟನ್ನು ಒಮ್ಮೆ ಒತ್ತಿ ಬಿಟ್ಟರೆ ಮುಂದಿನ ಅಕ್ಷರದವರೆಗೂ ಅದು ಹಿಡಿದೇ ಇರುತ್ತದೆ. ನಾವು ಕೆಲಸ ಮಾಡುವಾಗ ಅದು ತಾನಾಗಿ ಶುರುವಾದರೆ ಬೈದುಕೊಂಡು ತೆಗೆದುಹಾಕುತ್ತೇವೆ. ಅದನ್ನು ಚಾಲೂ ಮಾಡಿದೆ. ಅಕ್ಕ ಬಲಗೈಯ ಒಂದೇ ಬೆರಳಿನಿಂದ ಶಿಫ್ಟ್ ಒತ್ತಿದಳು, ಟಿಕ್ ಎಂದಿತು, ಅಕ್ಷರ ಒತ್ತಿದಳು. ‘ಕಾಫಿ.’ ಆಮೇಲೆ, ‘ಆವತ್ತಿಂದ ಕೇಳ್ತಾ ಇವ್ನಿ, ಬಿಸ್ನೀರ್ ತಂದ್ ಮಡಗ್ತಾಳೆ.’

ನಾನು ನಕ್ಕುಬಿಟ್ಟೆ. ಗಂಟಲಿಗೆ ಸಿಕ್ಕದಿರಲೆಂದು ಕಾಫಿಗೆ ಗಟ್ಟಿ ಮಾಡುವ ಪುಡಿ ಬೆರೆಸಿ, ಗದ್ದ ಕೆಳಗೆ ಮಾಡಿಸಿ, ಚಮಚದಲ್ಲಿ ಕುಡಿಸಿದೆ. ಒಂದು ಲೋಟ ಮುಗಿಯುವ ಹೊತ್ತಿಗೆ ಭಾವ ಸ್ನಾನ ಮುಗಿಸಿ, ಆಸ್ಪತ್ರೆಗೆಂದು ಬದಲಾಯಿಸಿಕೊಂಡಿದ್ದ ಸಂಜೆಯ ಪಾಳಿಗೆ ಹೊರಟು ನಿಂತಿದ್ದರು. ಅವರಿಗೂ ಒಂದು ಮಾತು ಬರೆದಿದ್ದಳು. ಅದು ಅವರಿಬ್ಬರದು, ನಾನು ಓದಲಿಲ್ಲ.

ಬೇಸಿಗೆ ಕಳೆಯುವವರೆಗೂ ಅಕ್ಕ ಮಾತಾಡಿದಳು. ಬೈದಳು, ಕ್ಯಾಂಟೀನಿನ ಬಿಸಿಬೇಳೆಬಾತಿನ ಹದ ಬರೆದುಕೊಟ್ಟಳು, ನನ್ನ ಗಂಡನನ್ನು ಗೇಲಿ ಮಾಡಿದಳು. ತಾನು ಹೋದ ಮೇಲೆ ಭಾವ ಊರಿಗೆ ಹೋಗಿ ಅಣ್ಣಂದಿರ ಕೈಕೆಳಗೆ ಬೀಳಬಾರದು, ಇಲ್ಲೇ ಇರಬೇಕು ಎಂದು ಬರೆದಳು. ಮಳೆ ಶುರುವಾಗುವ ಹೊತ್ತಿಗೆ ಬಲಗೈಯ ಬೆರಳೂ ಕೀಲಿಯ ಮೇಲೆ ಸುಮ್ಮನೆ ಕೂತಿತು. ಆ ಸಲ ನಾನು ಏನನ್ನೂ ಬಿಚ್ಚಿ ನೋಡಲಿಲ್ಲ. ಕಂಪ್ಯೂಟರನ್ನು ಮೂಲೆಗೆ ಸರಿಸಿ ಅವಳ ಮಂಚ ಹಾಕಲು ಜಾಗ ಮಾಡಿದೆವು.

ಆಮೇಲೆ ಕಣ್ಣು ಮಾತ್ರ ಉಳಿಯಿತು. ನಾನು ವರ್ಣಮಾಲೆ ಹೇಳುತ್ತಾ ಹೋಗುತ್ತಿದ್ದೆ, ಬೇಕಾದ ಅಕ್ಷರ ಬಂದಾಗ ಅವಳು ರೆಪ್ಪೆ ಮುಚ್ಚುತ್ತಿದ್ದಳು. ಮೊದಲ ಅಕ್ಷರ ಸಿಕ್ಕರೆ ಉಳಿದದ್ದನ್ನು ನಾವೇ ಊಹಿಸುತ್ತಿದ್ದೆವು. ಊಹೆ ತಪ್ಪಿದರೆ ಕಣ್ಣು ದೊಡ್ಡದು ಮಾಡಿ ನೋಡುತ್ತಿದ್ದಳು. ನಾನು ತುಂಬ ಸಲ ತಪ್ಪಿದೆ.

ಅವಳು ಹೋದದ್ದು ಒಂದು ಬೆಳಿಗ್ಗೆ. ಮೂಗಿಗೆ ಹಾಕಿದ್ದ ಗಾಳಿಯ ಮಾಸ್ಕಿನೊಳಗೆ ಉಸಿರು ಏರುಪೇರಾಗುತ್ತಿತ್ತು. ಭಾವ ತಲೆಯ ಬಳಿ ಕೂತಿದ್ದರು. ಏನೋ ಹೇಳಬೇಕಾದಾಗ ನೋಡುವ ಹಾಗೆ ನನ್ನನ್ನು ನೋಡಿದಳು. ನಾನು ಅಕ್ಷರ ಹೇಳುತ್ತಾ ಹೋದೆ. ‘ಸ’ ಎಂದಾಗ ಕಣ್ಣು ಮುಚ್ಚಿದಳು. ಮುಂದಿನ ಅಕ್ಷರಕ್ಕೆ ಹೋಗಲು ರೆಪ್ಪೆ ಬಿಚ್ಚಲೆಂದು ಕಾದೆವು. ಕಣ್ಣು ತೆರೆದಳು, ಆದರೆ ನೋಟ ನಮ್ಮ ಮೇಲೆ ನಿಲ್ಲಲಿಲ್ಲ.

“ಸಾಕು ಅಂದ್ಳು ಕಣವ್ವ” ಎಂದರು ಭಾವ.

ನನಗೆ ಹಾಗೆ ಅನ್ನಿಸಲಿಲ್ಲ. ಸರಿಸು ಎಂದಿರಬೇಕು. ಕತ್ತಿನ ಕೆಳಗಿನ ದಿಂಬು ಒಂದು ಕಡೆಗೆ ಜಾರಿತ್ತು. ನಾನು ಅವಳ ತಲೆಯನ್ನೆತ್ತಿ ದಿಂಬನ್ನು ಸರಿಸಿಟ್ಟೆ. ಅಷ್ಟು ಹೊತ್ತಿಗೆ ತಲೆ ಭಾರವಾಗಿತ್ತು.