ತಿಮ್ಮಮ್ಮನ ಕೈಗುಣ

ಸಿಂಧಘಟ್ಟದಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಹತ್ತುವುದು ತಿಮ್ಮಮ್ಮನ ಜಗಲಿ. ನನ್ನ ತಂಗಿ ಹೇಮಳ ಅತ್ತೆ ಈಕೆ. ಊರಿನವರು ಹುಷಾರಾದ ಮೇಲೆ ಮಿಕ್ಕ ಮಾತ್ರೆಗಳನ್ನು ಎಸೆಯದೆ ಈಕೆಗೆ ತಂದುಕೊಡುತ್ತಾರೆ. ಈಕೆ ಬಣ್ಣ ನೋಡಿ ಹಂಚುತ್ತಾಳೆ. ಕೆಂಪು-ಕಪ್ಪು ಗುಳಿಗೆ ಜ್ವರಕ್ಕೆ, ಹಳದಿಯದು ಕೆಮ್ಮಿಗೆ, ಮಕ್ಕಳಾದರೆ ಅರ್ಧ. ಕೈಗುಣವಂತೆ, ಮಣ್ಣಾಂಗಟ್ಟಿ.

ಹೇಮಳ ಮಗಳು ಸಿಂಚನಳಿಗೆ ರಕ್ತದ ಕ್ಯಾನ್ಸರು. ಮೈಸೂರಿನ ಆಸ್ಪತ್ರೆಯಲ್ಲಿ ಚಿಕಿತ್ಸೆ. ಈ ಔಷಧಿಯಿಂದ ಮಗುವಿನ ಮೈಯಲ್ಲಿ ರೋಗ ತಡೆಯುವ ಶಕ್ತಿಯೇ ಉಳಿದಿರುವುದಿಲ್ಲ, ಜ್ವರ ಬಂದರೆ ಮನೆಯಲ್ಲಿ ಯಾವ ಮಾತ್ರೆಯನ್ನೂ ಕೊಡದೆ ತಕ್ಷಣ ಕರೆತನ್ನಿ ಎಂದು ಡಾಕ್ಟರು ಹೇಳಿದ್ದು ಈ ತಿಮ್ಮಮ್ಮನ ಎದುರಿಗೇ.

ಹೇಮ ಗದ್ದೆಗೆ ಬುತ್ತಿ ಒಯ್ದಿದ್ದಾಗ ಮಗುವಿನ ಮೈ ಕಾದಿತು. ಈ ಮಹಾತಾಯಿ ಕೆಂಪು-ಕಪ್ಪು ಗುಳಿಗೆ ಬಿಚ್ಚಿ, ಅರ್ಧ ಪುಡಿಯನ್ನು ಬಾಳೆಹಣ್ಣಿನಲ್ಲಿ ಹಿಸುಕಿ ತಿನ್ನಿಸಿದಳು. ಜೊತೆಗೊಂದು ಬಿಳಿ ಜ್ವರದ ಮಾತ್ರೆ. ಮೈ ತಣ್ಣಗಾಯಿತು. ಸೊಸೆಯ ಮುಂದೆ ತುಟಿ ಬಿಚ್ಚಲಿಲ್ಲ.

ಮರುದಿನ ಮಗು ಕಣ್ಣು ಬಿಡಲಾರದೆ ಬಿದ್ದಿತ್ತು. ಹೇಮಳ ಗಂಡ ಕನಕರಾಜು ಕಾರು ಮಾಡಿಕೊಂಡು ಮೈಸೂರಿಗೆ ಓಡಿದ. ಹೇಮ, ತಿಮ್ಮಮ್ಮನ ಜೊತೆ ನಾನೂ ಹೋದೆ.

"ಮನೇಲಿ ಏನಾದ್ರೂ ಕೊಟ್ರಾ?" ಎಂದು ಡಾಕ್ಟರು ಕೇಳಿದರು.

"ಏನೂ ಇಲ್ಲ ಕಣಪ್ಪ" ಎಂದಳು ತಿಮ್ಮಮ್ಮ, ರೆಪ್ಪೆ ಬಡಿಯದೆ.

ಸಿಂಚನ ಮೆಲ್ಲಗೆ ತುಟಿ ಅಲುಗಿಸಿದಳು. "ಅಜ್ಜಿ ಕೊಟ್ಟ ಬಾಳೆಅಣ್ಣು ಕಹಿ ಇತ್ತು."

ಹೇಮ ಅತ್ತೆಯ ಭುಜ ಹಿಡಿದು ಅಲ್ಲಾಡಿಸಿದಳು. "ಏನ್ ಆಕ್ಕೊಟ್ರಿ ಅತ್ತೆ? ಬಾಯ್ಬುಡಿ."

"ಜ್ವರ ಬುಟ್ಟಿತ್ತಲ್ಲ ಕಣವ್ವ. ನನ್ ಕೈಲಿ ಎಷ್ಟ್ ಮಕ್ಳು ಉಸಾರಾಗವ್ರೆ."

ಗುಳಿಗೆ, ಮಾತ್ರೆ ಎರಡನ್ನೂ ಆಕೆಯಿಂದ ಬಾಯಿಬಿಡಿಸಿದ ಮೇಲೆ ಡಾಕ್ಟರು ವಿವರಿಸಿದರು. ಬಿಳಿ ಮಾತ್ರೆ ಜ್ವರವನ್ನು ಮುಚ್ಚಿಟ್ಟಿತು. ಕೆಂಪು-ಕಪ್ಪು ಗುಳಿಗೆ ರೋಗಾಣು ಕೊಲ್ಲುವ ಆಂಟಿಬಯಾಟಿಕ್, ಅರ್ಧಕ್ಕೆ ಅವು ಸಾಯಲಿಲ್ಲ. ಆದರೆ ಅದರಿಂದಾಗಿ ಇನ್ನು ರಕ್ತಪರೀಕ್ಷೆಯಲ್ಲಿ ಯಾವ ರೋಗಾಣು ಎಂದು ಸಿಗದೆ ಹೋಗಬಹುದು, ಊಹೆಯ ಮೇಲೆ ಮದ್ದು ಹಾಕಬೇಕು. ನಿನ್ನೆಯೇ ತಂದಿದ್ದರೆ ಇಷ್ಟು ಕಷ್ಟವಿರಲಿಲ್ಲ ಎಂದರು. ನನಗೆ ಆ ಮುದುಕಿಯ ಕೈ ಮುರಿಯಬೇಕೆನ್ನಿಸಿತು. ಸುಳ್ಳಲ್ಲ.

ಐಸಿಯುನಲ್ಲಿ ಸಾವಿನ ದವಡೆಗೆ ಹೋಗಿ ಮಗು ಉಳಿಯಿತು. ತಿಮ್ಮಮ್ಮ ಅತ್ತಳು. ನನಗೆ ಅಯ್ಯೋ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸುವುದಿಲ್ಲ. ಜಗಲಿಗೆ ಜನ ಈಗಲೂ ಬರುತ್ತಾರೆ. ಅವರಿಗೂ ಬುದ್ಧಿಯಿಲ್ಲ.

ಮೊನ್ನೆ ಹೋಗಿದ್ದಾಗ ನೋಡಿದೆ. ಅಜ್ಜಿ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಮೊಮ್ಮಗಳ ಬಾಯಿಗೆ ಹಿಡಿದಳು.

"ನೀನ್ ಮೊದ್ಲು ತಿನ್ನು ಅಜ್ಜಿ" ಎಂದಳು ಸಿಂಚನ.

ತಿಮ್ಮಮ್ಮ ಆ ತುತ್ತು ತಿಂದು, ಬಾಯಿ ತೆರೆದು ತೋರಿಸಿ, ಇನ್ನೊಂದು ತುತ್ತು ಹಿಡಿದಳು. ಮಗು ತುಟಿ ಬಿಗಿದುಕೊಂಡು ಅಮ್ಮನನ್ನು ಕೂಗಲು ಎದ್ದು ಹೋಯಿತು.