ಉಲ್ಕನ್‌ಳ ಬಿಳಿ ಉಣ್ಣೆ

ಅಕ್-ತೆರೆಕ್ ಊರಿನಲ್ಲಿ ಉಲ್ಕನ್‌ಗೆ ಯಾರೂ ಸನ್ಮಾನ ಮಾಡಿರಲಿಲ್ಲ. ಮಾಡಿದ್ದರೂ ಅವಳು ಅದರಲ್ಲಿನ ‘ಸನ್’ ಕಿತ್ತು ‘ಅನು’ ಸೇರಿಸಿಕೊಳ್ಳುತ್ತಿದ್ದಳು.

ತಪ್ಪು ಅವಳದಲ್ಲ, ಕಸುಬಿನದು. ಪ್ರಾಯವನ್ನೆಲ್ಲ ಅವಳು ಸರ್ಕಾರಿ ಕುರಿಫಾರಮ್ಮಿನ ತಕ್ಕಡಿಯ ಮುಂದೆ ಕಳೆದವಳು. ತೂಕ ಹೆಚ್ಚಲೆಂದು ಕುರಿಗಾಹಿಗಳು ಉಣ್ಣೆ ಮೂಟೆಯೊಳಗೆ ಮರಳು, ಒದ್ದೆ ಬಟ್ಟೆ, ಒಮ್ಮೆಯಂತೂ ಕುದುರೆ ಲಾಳವನ್ನೇ ತುರುಕಿದ್ದರು. ಫಾರಮ್ಮು ಮುಚ್ಚಿತು, ತಕ್ಕಡಿ ಗುಜರಿಗೆ ಹೋಯಿತು. ಉಲ್ಕನ್‌ಳ ಕಣ್ಣು ಮಾತ್ರ ತೂಗುತ್ತಲೇ ಉಳಿಯಿತು. ಗಂಡ ಬದುಕಿದ್ದಾಗ ಸಂತೆಯಲ್ಲಿ ಕುದುರೆ ಮಾರಿ ಬಂದರೆ, ಚಹಾ ಕೊಡುವ ಮೊದಲು ಅವನ ಬೂಟು ಬಿಚ್ಚಿಸಿ ತಲೆಕೆಳಗಾಗಿ ಕೊಡವುತ್ತಿದ್ದಳು. ಪಾಪ, ಉದುರುತ್ತಿದ್ದುದು ಹುಲ್ಲು ಮಾತ್ರ.

ಇಂಥವಳ ಅಂಗಳದಲ್ಲಿ ಆ ಶರತ್ಕಾಲದ ಬೆಳಿಗ್ಗೆ ಕೇರಿಯ ಹೆಂಗಸರೆಲ್ಲ ಬಂದು ಕೂತಿದ್ದರು. ಮಗಳು ಬೆರ್ಮೆತ್‌ಳ ಮದುವೆ ಗೊತ್ತಾಗಿತ್ತು. ಅವಳ ಜೊತೆ ಹೋಗಬೇಕಾದ ಬಿಳಿ ಉಣ್ಣೆಹಾಸು ಇನ್ನೂ ಆಗಿರಲಿಲ್ಲ. ಅದನ್ನು ನೂಲುವುದೂ ಇಲ್ಲ, ನೇಯುವುದೂ ಇಲ್ಲ. ಬಡಿದು, ಹರಡಿ, ಕುದಿನೀರು ಹೊಯ್ದು, ಸುತ್ತಿ, ಒದ್ದು ಉರುಳಿಸಿದರೆ ಎಳೆಗೆ ಎಳೆ ತಾನಾಗಿ ಹಿಡಿದುಕೊಳ್ಳಬೇಕು. ಒಬ್ಬಳಿಂದ ಆಗುವ ಕೆಲಸವಲ್ಲ, ಅದಕ್ಕೇ ಆಶಾರ್ ಕರೆಯುವುದು: ಒಬ್ಬರ ಕೆಲಸಕ್ಕೆ ಎಲ್ಲರೂ ಬಂದು, ಕೂಲಿ ಕೇಳದೆ, ಉಂಡು ಹೋಗುತ್ತಾರೆ. ಗಂಡಿನ ಕಡೆಯವರು ಆ ಹಾಸನ್ನು ಬಾಗಿಲಲ್ಲೇ ಬಿಡಿಸಿ ಬೆಳಕಿಗೆ ಹಿಡಿಯುತ್ತಾರೆ. ಬೆಳಕು ತೂರಿ ಬಂತೋ, ಹುಡುಗಿಗೆ ಅತ್ತೆಮನೆಯಲ್ಲಿ ಆಯುಷ್ಯವಿಡೀ ‘ಜರಡಿ’ ಎಂದೇ ಹೆಸರು.

ಇದೆಲ್ಲ ಗೊತ್ತಿದ್ದೂ ಉಲ್ಕನ್ ಒಂದು ಘನಕಾರ್ಯ ಮಾಡಿದ್ದಳು. ಕೇರಿಯವರ ಕೈ ನಂಬದೆ, ಇದ್ದ ಬಿಳಿ ಉಣ್ಣೆಯಲ್ಲಿ ಅರ್ಧವನ್ನು ಮೂಟೆ ಕಟ್ಟಿ, ಒಳಕೋಣೆಯಲ್ಲಿ ಪೇರಿಸಿಟ್ಟ ರಜಾಯಿಗಳ ಹಿಂದೆ ಬಚ್ಚಿಟ್ಟಿದ್ದಳು. ಕದಿಯುವವರು ಹೊರಗಿನ ಅರ್ಧದಲ್ಲೇ ಕದಿಯಲಿ ಎಂಬ ಲೆಕ್ಕಾಚಾರ. ಈಗ ಅವಳಿಗೆ ಕಾವಲು ಎರಡಾಯಿತು: ಹೊರಗಿನದನ್ನು ಯಾರೂ ಮುಟ್ಟಬಾರದು, ಒಳಗಿನದನ್ನು ಯಾರೂ ನೋಡಬಾರದು.

ಹಸುವಿನ ಚರ್ಮದ ಮೇಲೆ ಉಣ್ಣೆ ಸುರಿದು ಹೆಂಗಸರು ಕೋಲುಗಳಿಂದ ಬಡಿಯತೊಡಗಿದರು. ಪಕ್ಕದ ಮನೆಯ ಝೂರಕನ್ ಕೋಲಿಗಿಂತ ನಾಲಿಗೆಯನ್ನೇ ಜೋರಾಗಿ ಬೀಸುವವಳು.

“ಉಲ್ಕನ್ ಎಜೆ, ಇಷ್ಟೇನಾ ಉಣ್ಣೆ? ಏನಕ್ಕಾ, ನಿಮ್ಮ ಕುರಿಗಳಿಗೂ ಬೋಳುತಲೆ ಬಂತಾ?”

“ಕಣ್ಣು ಹಾಕ್ಬೇಡ, ಕೋಲು ಹಾಕು.”

“ಹಾಕ್ತೀನಿ ಬಿಡಿ. ಉಣ್ಣೆ ಕಮ್ಮಿ ಆದ್ರೂ ಪರ್ವಾಗಿಲ್ಲ, ಉಣ್ಣೋಕೆ ಕಮ್ಮಿ ಮಾಡ್ಬೇಡಿ.”

ಎಲ್ಲರೂ ನಕ್ಕರು. ಉಲ್ಕನ್ ನಗಲಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರೂ ಏನೋ ನೆಪ ಹೇಳಿ ಮನೆಗೆ ಹೋಗಿ ಬಂದರು, ಗುಸುಗುಸು ಶುರುವಾಯಿತು. ಅವಳು ಹತ್ತಿರ ಬಂದರೆ ನಿಲ್ಲುತ್ತಿತ್ತು, ದೂರ ಹೋದರೆ ಮತ್ತೆ ಹೊರಡುತ್ತಿತ್ತು. ಝೂರಕನ್‌ಳ ಕೈ ಏಪ್ರನ್ನಿನ ಜೇಬಿಗೂ ಉಣ್ಣೆಯ ರಾಶಿಗೂ ಓಡಾಡುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಳು. ಪಕ್ಕದವಳ ಕೈಯೂ ಹಾಗೇ. ಅಷ್ಟರಲ್ಲಿ ಝೂರಕನ್‌ಳ ಹೊಸ ಸೊಸೆ ನುರ್ಜತ್ ಚಹಾಕ್ಕೆಂದು ಒಳಹೋದವಳು ಬೇಗ ಬರಲೇ ಇಲ್ಲ. ಬಂದೊಡನೆ ಉಲ್ಕನ್ ಅಡ್ಡಗಟ್ಟಿದಳು.

“ಒಳಗೇನೇ ಮಾಡ್ತಿದ್ದೆ ಇಷ್ಟೊತ್ತು?”

“ಕಿತ್ಲಿ ಹುಡುಕ್ತಿದ್ದೆ, ಅಪಾ,” ಎಂದಳು ನುರ್ಜತ್, ಹಿರಿಯಳಿಗೆ ಸಲ್ಲುವ ಮರ್ಯಾದೆಯಿಂದ.

“ಕಿತ್ಲಿ ಒಲೆ ಮೇಲೇ ಇತ್ತಲ್ಲ!”

“ಅದಕ್ಕೇ ಸಿಗ್ಲಿಲ್ಲ, ಅಪಾ. ಬೇರೆಲ್ಲ ಕಡೆ ಹುಡುಕಿದೆ.”

ಬೇರೆಲ್ಲ ಕಡೆ! ಉಲ್ಕನ್ ಹೋಗಿ ಒಳಕೋಣೆಯ ಬಾಗಿಲು ಎಳೆದು ಹಾಕಿದಳು.

ಬಡಿದ ಉಣ್ಣೆಯನ್ನು ಜೊಂಡಿನ ಚಾಪೆಯ ಮೇಲೆ ಹರಡಿ, ಕುದಿನೀರು ಚಿಮುಕಿಸಿ, ಚಾಪೆ ಸಮೇತ ಸುತ್ತಿ ಹಗ್ಗ ಬಿಗಿದರು. ಸಾಲಾಗಿ ನಿಂತು ಒದೆಯತೊಡಗಿದರು.

“ನಿಮ್ಮ ನಿಮ್ಮ ಅತ್ತೆಯನ್ನ ನೆನೆಸ್ಕೊಂಡು ಒದೀರೇ!” ಎಂದಳು ಝೂರಕನ್. ನುರ್ಜತ್ ಎಲ್ಲರಿಗಿಂತ ಜೋರಾಗಿ ಒದ್ದಳು. “ಅಷ್ಟೊಂದಾ? ಮನೆಗೆ ಬಾ, ಮಾಡ್ತೀನಿ!” ಎಂದು ಗದರಿದಳು ಅತ್ತೆ.

ನಗುವಿನ ನಡುವೆ ಉಲ್ಕನ್ ಏಪ್ರನ್ನುಗಳನ್ನೇ ನೋಡುತ್ತಿದ್ದಳು. ಇನ್ನು ತಡೆಯಲಾಗಲಿಲ್ಲ.

“ನಿಲ್ಸಿ. ಬಿಚ್ಚಿ ಅದನ್ನ.”

“ಈಗ್ಲೇನಾ? ಇನ್ನೂ ಹಿಡ್ಕೊಂಡಿಲ್ಲ ಎಜೆ, ಎತ್ತಿದ್ರೆ ಹರಿಯುತ್ತೆ,” ಎಂದಳು ಝೂರಕನ್.

“ನನ್ನ ಉಣ್ಣೆ ಎಷ್ಟಿದೆ ಅಂತ ನಂಗೊತ್ತು. ನೋಡ್ಬೇಕು, ಬಿಚ್ಚಿ.”

ಬೆರ್ಮೆತ್ ತಾಯಿಯ ತೋಳು ಹಿಡಿದಳು. “ಬೇಡ ಅಮ್ಮಾ.” ಉಲ್ಕನ್ ಕೊಡವಿಕೊಂಡು ತಾನೇ ಹಗ್ಗ ಬಿಚ್ಚಿ, ಚಾಪೆ ಬಿಡಿಸಿ, ಹಾಸಿನ ಎರಡು ಮೂಲೆ ಹಿಡಿದು ಎತ್ತಿದಳು. ತಕ್ಕಡಿಯಿಲ್ಲದೆಯೇ ಅವಳ ಕೈಗೆ ತಿಳಿಯಿತು: ಉಣ್ಣೆ ಕಮ್ಮಿಯಾಗಿರಲಿಲ್ಲ, ನೀರಿನ ಭಾರ ಕಳೆದರೂ ತಾನು ಕೊಟ್ಟಿದ್ದಕ್ಕಿಂತ ಎಷ್ಟೋ ಹೆಚ್ಚಿತ್ತು. ಅದು ತಿಳಿಯುವುದಕ್ಕೂ, ನೀರು ಕುಡಿದು ಭಾರವಾಗಿದ್ದ ಹಾಸು ನಟ್ಟನಡುವೆ ಬಾಯಿಬಿಟ್ಟು ಹರಿಯುವುದಕ್ಕೂ ಸರಿಹೋಯಿತು.

ಝೂರಕನ್ ತನ್ನ ಜೇಬನ್ನು ಹೊರಳಿಸಿ ತೋರಿಸಿದಳು. ಬಿಳಿ ಎಳೆಗಳು ನಾಲ್ಕಾರು ಅಂಟಿಕೊಂಡಿದ್ದವು, ಅಷ್ಟೇ.

“ತಗೊಂಡಿದ್ದಲ್ಲ ಎಜೆ, ಹಾಕಿದ್ದು. ನಿಮ್ಮ ರಾಶಿ ನೋಡಿ ಹೆದ್ರಿಕೆ ಆಯ್ತು. ಮನೆಗೆ ಓಡಿ ಒಬ್ಬೊಬ್ರೂ ಕೈಲಾದಷ್ಟು ತಂದ್ವಿ. ಹೇಳಿದ್ರೆ ನೀವು ಬಿಡ್ತಿದ್ರಾ?”

“ಇನ್ನೇನಾದ್ರೂ ಉಳಿದಿದ್ಯಾ?” ಕೇಳಿದಳು ಬೆರ್ಮೆತ್. ಜೇಬುಗಳು ಒಂದೊಂದಾಗಿ ಹೊರಳಿದವು. ಎಲ್ಲವೂ ಖಾಲಿ. ಹರಕನ್ನು ಹಾಗೇ ಬಿಟ್ಟರೆ ಅದರ ಮೂಲಕ ಗಂಡಿನ ಕಡೆಯವರು ಬೆಳಕನ್ನಲ್ಲ, ಬೆಟ್ಟವನ್ನೇ ನೋಡಬಹುದಿತ್ತು. ನೀರು ಬೇರೆ ಆರುತ್ತಿತ್ತು.

ಉಲ್ಕನ್ ನಿಂತೇ ಇದ್ದಳು. ಮರ್ಯಾದೆ ಹೋಗುವುದಂತೂ ಖಾತ್ರಿ, ತನ್ನದೋ ಮಗಳದೋ ಎಂಬುದಷ್ಟೇ ಉಳಿದ ಪ್ರಶ್ನೆ. ಅವಳು ತಲೆ ತಗ್ಗಿಸಿ ಒಳಗೆ ಹೋದಳು. ರಜಾಯಿಗಳು ದಬದಬನೆ ಬಿದ್ದ ಸದ್ದು ಅಂಗಳಕ್ಕೂ ಕೇಳಿತು. ಮೂಟೆ ಹೊತ್ತು ಬಂದು ಎಲ್ಲರ ಮುಂದೆ ಇಳಿಸಿದಳು.

“ಇಲಿ ಎಳ್ಕೊಂಡು ಹೋಗಿತ್ತು ಕಾಣುತ್ತೆ.”

“ಜಾಣ ಇಲಿ,” ಎಂದಳು ಝೂರಕನ್. “ಮೂರು ಗಂಟು ಹಾಕಿದೆ.”

ನುರ್ಜತ್ ಮುಖಕ್ಕೆ ಏಪ್ರನ್ನು ಒತ್ತಿಕೊಂಡು ಒಂದೇ ಸಮ ಕುಲುಕಾಡಿದಳು. ಆ ಇಲಿಯನ್ನು ಅವಳು ಬೆಳಿಗ್ಗೆಯೇ ಕಂಡಿದ್ದಳೆಂದು ಉಲ್ಕನ್‌ಗೆ ಈಗ ಹೊಳೆಯಿತು. ಕಂಡೂ ಬಾಯಿಬಿಡದೆ ಹೊರಬಂದು ಒದ್ದಿದ್ದಳು.

ಹರಕಿನ ಮೇಲೆ ಉಣ್ಣೆ ಪದರಪದರವಾಗಿ ಬಿತ್ತು. ಝೂರಕನ್ ಸಾಕು ಎಂದರೂ ಉಲ್ಕನ್ ಉಣ್ಣೆ ಸುರಿಯುತ್ತಲೇ ಇದ್ದಳು. ಆಮೇಲೆ ಮಿಕ್ಕಿದ್ದನ್ನು ಮುಷ್ಟಿಮುಷ್ಟಿಯಾಗಿ ಎತ್ತಿ ಒಬ್ಬೊಬ್ಬರ ಜೇಬಿಗೂ ತುರುಕತೊಡಗಿದಳು.

ಝೂರಕನ್ ಒಂದು ಹೆಜ್ಜೆ ಹಿಂದೆ ಸರಿದಳು. ತನ್ನ ಜೇಬನ್ನೂ ಉಲ್ಕನ್‌ಳ ಮುಖವನ್ನೂ ನೋಡಿ ಕಣ್ಣು ಕಿರಿದಾಗಿಸಿದಳು.

“ನಿಜ ಹೇಳಿ ಎಜೆ. ಏನು ಬೇಕಾಗಿದೆ ನಿಮಗೆ?”

“ಬಿಸಿನೀರು,” ಎಂದಳು ಉಲ್ಕನ್, ಹಾಸಿನ ಮುಂದೆ ಮಂಡಿಯೂರುತ್ತ. “ಬೇಗ ಹೊಯ್ಯೇ, ಆರ್ತಾ ಇದೆ.”